ನವಣೆಯಿಂದ ನಡೆದ ಕಂಪ್ಯೂಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ವರ್ಷ ಮಳೆ ಬೇಗ ಬಂದಿತ್ತೋ ತಡವಾಗಿ ಬಂದಿತ್ತೋ, ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ಕೋಟು ಹಾಕಿದ್ದರೋ ಇಲ್ಲವೋ, ಕೋಳಿಗಳು ನಾಲ್ಕೇ ಇದ್ದವೋ ಅಥವಾ ನನ್ನ ತಲೆಯೊಳಗೇ ಮರಿ ಮಾಡಿಕೊಂಡು ಹಿಂಡಾದವೋ, ಆಣೆ ಮಾಡಿ ಹೇಳಲಾರೆ. ದಿನಚರಿ ಬರೆಯುವ ಚಟ ನನಗೆ ಆಗಲೂ ಇತ್ತು. ಆದರೆ ಆ ದಿನಗಳ ಪುಟ ತೆರೆದರೆ ಸಿಗುವುದು "ಕಾಕಾ ಮತ್ತೆ ಸುರು ಮಾಡಿದ್ದಾರೆ" ಎಂಬ ಒಂದೇ ವಾಕ್ಯ, ಅದರ ಕೆಳಗೆ ನನ್ನ ತಲೆನೋವಿನ ವಿವರ. ಎರಡಕ್ಕೂ ಸಂಬಂಧ ಇದ್ದಿರಲೇಬೇಕು.

ಒಂದು ಮಾತನ್ನು ಮಾತ್ರ ಯಾರೆದುರಿಗೆ ಬೇಕಾದರೂ ಹೇಳುತ್ತೇನೆ. ಕಲಘಟಗಿ ತಾಲೂಕಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದ ಮೊದಲ ಮಾಸ್ತರರು ನಮ್ಮ ಕಾಕಾ. ಅವರು ಕಂಪ್ಯೂಟರನ್ನು ನೋಡಿರಲಿಲ್ಲ. ಮಕ್ಕಳೂ ನೋಡಿರಲಿಲ್ಲ. ಶಾಲೆಗೆ ಕರೆಂಟೂ ಇರಲಿಲ್ಲ. ಇಷ್ಟೆಲ್ಲ ಅನುಕೂಲ ಬೇರೆ ಯಾವ ಮಾಸ್ತರಿಗೆ ಸಿಕ್ಕೀತು ಹೇಳಿ? ಯಾರೂ ಕಾಣದ ವಸ್ತುವಿನ ಪಾಠದಲ್ಲಿ ತಪ್ಪು ಹಿಡಿಯುವವರಾದರೂ ಯಾರು!

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹೆಸರು ಹೇಳುವುದಿಲ್ಲ, ಹೇಳಿದರೆ ಇದನ್ನು ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಎಂಬತ್ತರ ದಶಕದ ಆ ದಿನಗಳಲ್ಲಿ ಅವರು ದುಮ್ಮವಾಡದ ಆಚೆಗಿನ ಒಂದು ಊರಿನ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದರು. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದೆ. ನಮ್ಮ ಮನೆ ನವಲಗುಂದದ ಕಡೆ, ದೂರ. ಹೀಗಾಗಿ ಶನಿವಾರ ಬಂತೆಂದರೆ ಬಸ್ಸು ಹತ್ತಿ ಕಾಕಾನ ಮನೆಗೆ ಬರುತ್ತಿದ್ದೆ. ಕಾಕು, ಅಂದರೆ ಕಾಕಾನ ಹೆಂಡತಿ, ಮಾಡುವ ರೊಟ್ಟಿಗಾಗಿ ಬರುತ್ತಿದ್ದೆ ಎಂಬುದು ನಿಜವಾದ ಕಾರಣ. ಕಾಕಾ ಮಾತ್ರ ನಾನು ಅವರ ಸಂಶೋಧನೆಯ ಸಹಾಯಕಿ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಎಲ್ಲ ಸುರುವಾದದ್ದು ರೇಡಿಯೋದಿಂದ. ಸರಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡುತ್ತದಂತೆ ಎಂಬ ಸುದ್ದಿ ಬಂತು. ನಮ್ಮ ಕಡೆ ಅದು ತಾಲೂಕಿಗೆ ಒಂದೇ ಯಂತ್ರ ಎಂದಾಯಿತು. ಯಾವ ಶಾಲೆಗೆ ಎಂಬುದನ್ನು ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡಿ ಬರೆಯುತ್ತಾರಂತೆ. ಕಾಕಾಗೆ ಆ ಯಂತ್ರ ಬೇಕಿತ್ತು. ಬೇಕಿತ್ತು ಅಂದರೆ ಹೇಗೆ? ಶಾಲೆಯ ಮೂಲೆಯ ಕೋಣೆಯೊಳಗಿದ್ದ ಕಟ್ಟಿಗೆಯನ್ನೆಲ್ಲ ಹೊರಗೆ ಹಾಕಿ, ತಾವೇ ಸುಣ್ಣ ಹಚ್ಚಿ, ಯಂತ್ರಕ್ಕೆ ಧೂಳು ಬಡಿಯಬಾರದೆಂದು ಕಿಟಕಿಗೆ ಕಾಕುವಿನ ಹಳೆಯ ಇಳಕಲ್ ಸೀರೆಯ ಪರದೆ ಕಟ್ಟಿಬಿಟ್ಟಿದ್ದರು. ಸೀರೆ ಹಳೆಯದು ಎಂಬುದು ಕಾಕಾನ ಮಾತು. ಕಾಕುವಿನ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಆ ಶನಿವಾರ ನಾನು ಚೀಲ ಇಳಿಸುವ ಮೊದಲೇ ಕಾಕಾ ಅಡ್ಡ ಬಂದರು. "ಯವ್ವಾ, ನಿಮ್ಮ ಲೈಬ್ರರಿಯಾಗ ಕಂಪ್ಯೂಟರಿನ ಪುಸ್ತಕ ಐತೇನು?"

ಅದು ಬೇರೆ ವಿಭಾಗದ್ದು, ಇತಿಹಾಸದವರಿಗೆ ಕೊಡುವುದಿಲ್ಲ ಎಂದೆ.

"ಹಂಗಾದ್ರ ಇತಿಹಾಸದಾಗ ಇರೂ ಕಂಪ್ಯೂಟರ್ ತಗೊಂಬಾ."

ನಾನು ನಕ್ಕೆ. ಆದರೆ ಮುಂದಿನ ವಾರ ನಮ್ಮ ವಿಭಾಗದ ಕಪಾಟಿನಲ್ಲೇ ಅಂಥದೊಂದು ಸಿಕ್ಕಿಬಿಡಬೇಕೇ! ಪ್ರಾಚೀನ ಗ್ರೀಕರ ಯಂತ್ರಗಳ ಬಗ್ಗೆ ಚಿತ್ರಸಹಿತ ಪುಸ್ತಕ. ಸಮುದ್ರದ ತಳದಿಂದ ಮುಳುಗುಗಾರರು ಎತ್ತಿದ ತುಕ್ಕು ಹಿಡಿದ ಒಂದು ಪೆಟ್ಟಿಗೆಯ ಕಥೆ ಅದರಲ್ಲಿತ್ತು. ಒಳಗೆಲ್ಲ ಹಲ್ಲಿನ ಗಾಲಿಗಳು. ಹಿಡಿಕೆ ತಿರುವಿದರೆ ಸೂರ್ಯ ಎಲ್ಲಿ, ಚಂದ್ರ ಎಲ್ಲಿ, ಗ್ರಹಣ ಯಾವಾಗ ಎಂದು ಅದು ಲೆಕ್ಕ ಮಾಡಿ ತೋರಿಸುತ್ತಿತ್ತಂತೆ. ಜಗತ್ತಿನ ಅತಿ ಹಳೆಯ ಕಂಪ್ಯೂಟರ್ ಇದೇ ಎಂದು ವಿದ್ವಾಂಸರು ಹೇಳುತ್ತಾರೆ ಎಂದು ಪುಸ್ತಕದಲ್ಲಿತ್ತು.

ಕಾಕಾ ಆ ಪುಸ್ತಕ ಹಿಡಿದು ಕೂತವರು ಊಟಕ್ಕೆ ಏಳಲಿಲ್ಲ. ಎದ್ದಾಗ ಅವರ ಸಿದ್ಧಾಂತ ತಯಾರಾಗಿತ್ತು. "ನೋಡು, ಸರಕಾರ ನಮ್ಮ ಸಾಲಿಗೆ ಯಾವಾಗ ಏನು ಕೊಟ್ರೂ ಹಳೇದ ಕೊಡ್ತೈತಿ. ನಾವು ಎರಡು ಸಾವಿರ ವರ್ಷದ ಹಿಂದಿಂದ ಸುರು ಮಾಡಿದ್ವಿ ಅಂದ್ರ, ಅವರು ಎಂಥಾದು ಕಳಿಸಿದ್ರೂ ನಮಗ ಹೊಸಾದ."

ಈ ತರ್ಕದಲ್ಲಿ ದೋಷ ಎಲ್ಲಿದೆ ಎಂದು ನಾನು ಈಗಲೂ ಹುಡುಕುತ್ತಿದ್ದೇನೆ.

ಮೊದಲ ಪಾಠ ತೀರ್ಥದ ಯಂತ್ರದ್ದು. ಗ್ರೀಕರ ಗುಡಿಯಲ್ಲಿ ನಾಣ್ಯ ಹಾಕಿದರೆ ಒಂದು ಅಳತೆ ತೀರ್ಥ ತಾನಾಗಿ ಬರುವ ಪಾತ್ರೆ ಇತ್ತಂತೆ. ಒಳಗೆ ತಕ್ಕಡಿಯ ದಂಡಿಗೆಯಂಥ ಒಂದು ಕೋಲು. ನಾಣ್ಯ ಬಿದ್ದ ತುದಿ ಬಾಗಿದರೆ ಇನ್ನೊಂದು ತುದಿ ಎದ್ದು ತೂತಿನ ಬಿರಡೆ ತೆರೆಯುತ್ತದೆ, ತೀರ್ಥ ಸುರಿಯುತ್ತದೆ. ನಾಣ್ಯ ಜಾರಿ ಕೆಳಗೆ ಬಿದ್ದೊಡನೆ ಬಿರಡೆ ಮತ್ತೆ ಕೂರುತ್ತದೆ. ಒಳಗೆ ಏನು ಹಾಕಿದಿರಿ, ಹೊರಗೆ ಏನು ಬಂತು. ಕಂಪ್ಯೂಟರ್ ಎಂದರೆ ಇಷ್ಟೇ ಎಂದು ಕಾಕಾ ಏಳನೇ ಇಯತ್ತೆಯ ಮಕ್ಕಳಿಗೆ ಹೇಳಿ, ಎಣ್ಣೆ ಡಬ್ಬಿಯಲ್ಲಿ ಅಂಥದೊಂದನ್ನು ಮಾಡಿಯೂ ತೋರಿಸಿದರು. ಆದರೆ ಹ್ಯಾಂಡ್‌ಪಂಪು ಇರುವ ಶಾಲೆಯಲ್ಲಿ ಡಬ್ಬಿಯ ನೀರಿಗೆ ಯಾರು ಕಾಯುತ್ತಾರೆ? ಮಕ್ಕಳು ಆಕಳಿಸಿದರು. ಕಾಕಾ ಯಂತ್ರವನ್ನು ಮನೆಗೆ ತಂದು ಅದಕ್ಕೆ ಮಜ್ಜಿಗೆ ತುಂಬಿದರು.

ಕಾಕುವಿನ ಬಳಿ ಮಜ್ಜಿಗೆ ಕೇಳಿಕೊಂಡು ಓಣಿಯ ಮಂದಿ ದಿನವೂ ಬರುತ್ತಿದ್ದರು. ಬಂದವರಿಗೆ ಒಂದೊಂದು ಕಬ್ಬಿಣದ ಬಿಲ್ಲೆ ಕೊಡುವುದು, ಬಿಲ್ಲೆ ಹಾಕಿದವರಿಗೆ ಒಂದು ವಾಟಗ ಮಜ್ಜಿಗೆ; ಭೇದಭಾವವಿಲ್ಲ, ಹರಟೆಯಿಲ್ಲ. ಎರಡು ದಿನ ಓಣಿಯೇ ಬೆರಗಾಗಿ ನಿಂತಿತು. ಮೂರನೆಯ ದಿನ ಬಾಜು ಮನೆಯ ಆಯಿ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದಳು. ಕೈತುಂಬ ಜೋಳದ ಹಿಟ್ಟು. ಬಿಲ್ಲೆಗೂ ಮೆತ್ತಿತು. ಬಿಲ್ಲೆ ಒಳಗೆ ಬಿದ್ದದ್ದು ಜಾರಲೇ ಇಲ್ಲ, ಅಂಟಿಕೊಂಡು ಕೂತಿತು. ಮಜ್ಜಿಗೆ ಬಂತು, ಬರುತ್ತಲೇ ಇತ್ತು. ವಾಟಗ ತುಂಬಿತು, ತಂಬಿಗೆ ತುಂಬಿತು. ಆಯಿ ಒಂದಿಷ್ಟೂ ಗಾಬರಿಯಾಗದೆ ಸೊಸೆಯನ್ನು ಕೂಗಿ ಕೊಡ ತರಿಸಿದಳು!

ಕಾಕು ಓಡಿ ಬಂದರು. ಕಾಕಾ ಅಡ್ಡಗಟ್ಟಿದರು. "ತಡೀ. ಯಂತ್ರದ ತಪ್ಪಲ್ಲ ಇದು. ಹಿಟ್ಟಿನ ಕೈಲೆ ಹಾಕಿದ್ರ ಏನು ಮಾಡಬೇಕು ಅಂತ ನಾವು ಅದಕ್ಕ ಹೇಳೇ ಇಲ್ಲ."

"ಯಂತ್ರದ ತಪ್ಪು ಯಾರು ಕೇಳ್ಯಾರು?" ಎಂದರು ಕಾಕು. "ಮಜ್ಜಿಗಿ ಯಾರದು?"

ಈ ಪ್ರಶ್ನೆಯನ್ನು ಗ್ರೀಕರು ಎತ್ತಿದಂತೆ ಕಾಣುವುದಿಲ್ಲ. ಯಂತ್ರ ಅಂದೇ ನಿವೃತ್ತವಾಯಿತು. ಆದರೆ "ಯಂತ್ರದ ತಪ್ಪಲ್ಲ" ಎಂಬ ಮಾತು ಶಾಲೆಗೆ ಹೋಗಿ ಮಕ್ಕಳ ಬಾಯಿಗೆ ಬಿತ್ತು. ಮಗ್ಗಿ ತಪ್ಪಿದವನು, ಪಾಟಿ ಒಡೆದವನು, ಎಲ್ಲರೂ ತಮ್ಮ ತಮ್ಮ ಯಂತ್ರದ ಪರವಾಗಿ ವಾದಿಸತೊಡಗಿದರು.

ಎರಡನೆಯ ಪಾಠ ಪಂಜಿನದು. ಗ್ರೀಕರು ಗುಡ್ಡದ ಮೇಲೆ ನಿಂತು ಪಂಜು ಎತ್ತಿ ದೂರದವರಿಗೆ ಸುದ್ದಿ ಕಳಿಸುತ್ತಿದ್ದರಂತೆ. ಅಕ್ಷರಗಳನ್ನು ಐದು ಸಾಲು, ಐದು ಕಂಬದ ಚೌಕದಲ್ಲಿ ಬರೆದಿಟ್ಟುಕೊಳ್ಳುವುದು. ಎಡಗಡೆ ಎತ್ತಿದ ಪಂಜು ಎಷ್ಟನೆಯ ಸಾಲು ಎಂದು ಹೇಳಿದರೆ ಬಲಗಡೆಯವು ಎಷ್ಟನೆಯ ಅಕ್ಷರ ಎಂದು ಹೇಳುತ್ತವೆ. ಇದನ್ನು ಓದಿ ಕಾಕಾ ಕೂತಲ್ಲಿಂದ ಎದ್ದೇಬಿಟ್ಟರು. ಕ ಖ ಗ ಘ ಙ ದಿಂದ ಪ ಫ ಬ ಭ ಮ ವರೆಗೆ ಐದೈದರ ಐದು ಸಾಲು! ಗ್ರೀಕರು ಪಾಪ ಬೆವರಿಳಿಸಿ ಕಟ್ಟಿದ ಚೌಕ ನಮ್ಮ ಮಕ್ಕಳ ಪಾಟಿಯ ಮೇಲೆ ಒಂದನೇ ಇಯತ್ತೆಯಿಂದಲೇ ಇತ್ತು. ಬಣಿವೆಗಳಿರುವ ಊರಿನಲ್ಲಿ ಮಕ್ಕಳ ಕೈಗೆ ಪಂಜು ಕೊಡುವಂತಿಲ್ಲ. ಬೇಡವೇ ಬೇಡ, ಎರಡು ಕೈಗೂ ಐದೈದು ಬೆರಳನ್ನು ದೇವರೇ ಕೊಟ್ಟಿದ್ದಾನಲ್ಲ! ಎಡಗೈ ಸಾಲು, ಬಲಗೈ ಅಕ್ಷರ. ಯ ಇಂದ ಳ ವರೆಗಿನವು ಚೌಕದಲ್ಲಿ ಹಿಡಿಸದ್ದರಿಂದ ಮೊದಲು ಕಿವಿ ಹಿಡಿದು ತೋರಿಸಬೇಕು. ಕಾಗುಣಿತಕ್ಕೆ ತಲೆ ಅಲ್ಲಾಡಿಸಬೇಕು. ಅಕ್ಷರವನ್ನು ಹೀಗೆ ಅಂಕಿ ಮಾಡಿಯೇ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುತ್ತದೆ ಎಂದು ಕಾಕಾ ಸಾರಿದರು. ಆ ಪುಸ್ತಕದಲ್ಲಿ ಈ ಮಾತು ಇರಲಿಲ್ಲ. ಸುಮ್ಮನೆ ಊಹಿಸಿದ್ದರು. ಊಹೆ ಸರಿಯಾಗಿಯೇ ಇತ್ತು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಹೆಡ್ ಮಾಸ್ತರರು ಇತಿಹಾಸ ಕಲಿಸುತ್ತಿದ್ದರು. ಆ ತಿಂಗಳ ಪರೀಕ್ಷೆಯಂಥ ಶಾಂತ ಪರೀಕ್ಷೆಯನ್ನು ಅವರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ. ಪಿಸುಮಾತಿಲ್ಲ, ಕೆಮ್ಮಿಲ್ಲ. ನಡುನಡುವೆ ಕೆಲವರು ಕಿವಿ ಹಿಡಿದುಕೊಳ್ಳುತ್ತಿದ್ದರು. ಹಿಂದಿನ ಪರೀಕ್ಷೆಯಲ್ಲಿ ನಕಲು ಮಾಡಿದ್ದಕ್ಕೆ ಪಶ್ಚಾತ್ತಾಪವಿರಬೇಕೆಂದು ಅವರ ಮನಸ್ಸು ತುಂಬಿ ಬಂತು. ಸಂಜೆ ಉತ್ತರ ಪತ್ರಿಕೆ ನೋಡಿದರೆ ಇಡೀ ವರ್ಗದ್ದು ಒಂದೇ ಉತ್ತರ, ಒಂದೇ ತಪ್ಪು!

ಕಾಕಾಗೆ ಬುಲಾವು ಹೋಯಿತು. "ಮಾಸ್ತರ, ನಿಮ್ಮ ಗ್ರೀಕರು ನನ್ನ ಪರೀಕ್ಷಾ ಕೆಡಿಸಿಬಿಟ್ರಲ್ರಿ" ಎಂದರಂತೆ ಹೆಡ್ ಮಾಸ್ತರರು.

ಮರ್ಯಾದಸ್ಥರು ಯಾರಾದರೂ ಆಗ ತಲೆ ತಗ್ಗಿಸುತ್ತಾರೆ. ಕಾಕಾ ಕೇಳಿದ್ದು ಇಷ್ಟೇ: "ಹಿಂದಿನ ಬೆಂಚಿಗೆ ಎಷ್ಟು ಹೊತ್ತಿನಾಗ ಮುಟ್ಟಿತ್ರಿ ಉತ್ತರ?"

ಹೆಡ್ ಮಾಸ್ತರರು ಕೆಟ್ಟವರಲ್ಲ, ದಣಿದವರು. ಅವರು ಒಂದು ಗಡುವು ಹಾಕಿದರು. ಇನ್‌ಸ್ಪೆಕ್ಟರ್ ಸಾಹೇಬರು ಬರುವವರೆಗೆ ಈ ಆಟ ನಡೆಯಲಿ. ಅವರ ಮನಸ್ಸಿಗೆ ಬಂದರೆ ಯಂತ್ರವೂ ಬರಲಿ, ಗ್ರೀಕರೂ ಇರಲಿ. ಬಾರದಿದ್ದರೆ ಗ್ರೀಕರು ಊರಿಗೆ ಹೋಗಬೇಕು, ಮೂಲೆಯ ಕೋಣೆಗೆ ಕಟ್ಟಿಗೆ ವಾಪಸು ಬರಬೇಕು. ಮನೆಗೆ ಬಂದು ಇದನ್ನು ಹೇಳುವಾಗ ಕಾಕಾ ನಗುತ್ತಲೇ ಇದ್ದರು. ರೊಟ್ಟಿಯನ್ನು ಮಾತ್ರ ಒಂದಕ್ಕೇ ನಿಲ್ಲಿಸಿದರು. ಕಾಕು ನನ್ನ ಮುಖ ನೋಡಿದರು.

ಹೀಗೆ ಹುಟ್ಟಿದ್ದು ಚಕ್ಕಡಿ.

ಗ್ರೀಕರ ಒಬ್ಬ ಯಂತ್ರಗಾರ ತಾನೇ ನಡೆಯುವ ಬಂಡಿ ಮಾಡಿದ್ದನಂತೆ. ಬಂಡಿಯ ಮೇಲೆ ಒಂದು ಉದ್ದನೆಯ ಕೊಳವೆ, ಅದರ ತುಂಬ ಸಣ್ಣ ಕಾಳು, ಕಾಳಿನ ಮೇಲೆ ಒಂದು ಭಾರದ ಗುಂಡು. ಕೊಳವೆಯ ಕೆಳಗಿನ ತೂತಿನಿಂದ ಕಾಳು ಸುರಿದಂತೆಲ್ಲ ಗುಂಡು ಮೆಲ್ಲಗೆ ಇಳಿಯುತ್ತದೆ. ಗುಂಡಿಗೆ ಕಟ್ಟಿದ ಹಗ್ಗ ಗಾಲಿಯ ಅಚ್ಚಿಗೆ ಸುತ್ತಿರುತ್ತದೆ. ಗುಂಡು ಹಗ್ಗ ಎಳೆಯುತ್ತದೆ, ಅಚ್ಚು ತಿರುಗುತ್ತದೆ, ಬಂಡಿ ಹೊರಡುತ್ತದೆ. ಇದಿಷ್ಟೇ ಆದರೆ ಆಟಿಕೆ. ಚಮತ್ಕಾರ ಇರುವುದು ಹಗ್ಗ ಸುತ್ತುವುದರಲ್ಲಿ. ಹೀಗೆ ಸುತ್ತಿದರೆ ಮುಂದೆ. ಅಚ್ಚಿನ ಮೇಲಿನ ಗೂಟಕ್ಕೆ ಸಿಕ್ಕಿಸಿ ತಿರುವಿ ಸುತ್ತಿದರೆ ಹಿಂದೆ. ನಡುವೆ ಒಂದಿಷ್ಟು ಹಗ್ಗ ಸಡಿಲ ಬಿಟ್ಟರೆ ಅಷ್ಟು ಹೊತ್ತು ನಿಲ್ಲುತ್ತದೆ. ಬಂಡಿ ಮುಂದೆ ಏನೇನು ಮಾಡಬೇಕೋ ಎಲ್ಲವನ್ನೂ ಹೊರಡುವ ಮೊದಲೇ ಹಗ್ಗದಲ್ಲಿ ಸುತ್ತಿಡಬೇಕು. ಆಮೇಲೆ ಕೈ ಹಚ್ಚುವಂತಿಲ್ಲ. ಕಂಪ್ಯೂಟರಿಗೂ ಹೀಗೇ ಮೊದಲೇ ಹೇಳಿಡುತ್ತಾರೆ ಎಂದು ಕಾಕಾ ವಿವರಿಸಿದಾಗ, ಮೊದಲ ಸಲ, ನನಗೆ ಕಂಪ್ಯೂಟರ್ ಎಂದರೇನು ಎಂದು ಅರ್ಥವಾಯಿತು. ಎಂ.ಎ. ಓದುತ್ತಿದ್ದವಳಿಗೆ!

ಊರ ಬಡಿಗೇರ ಚಿಕ್ಕದೊಂದು ಚಕ್ಕಡಿ ಮಾಡಿಕೊಟ್ಟ. ಕಾಳಿನದು ದೊಡ್ಡ ಪ್ರಶ್ನೆಯಾಯಿತು. ಮರಳು ಹಾಕಿದರೆ ಮಳೆಗಾಲದ ತಂಪಿಗೆ ಗಂಟು ಕಟ್ಟಿತು. ಜೋಳ ತೂತಿನಲ್ಲಿ ಸಿಕ್ಕಿಬಿತ್ತು. ನವಣೆ ಮಾತ್ರ ನೀರಿನಂತೆ ಸುರಿಯಿತು. ನವಣೆ ಇದ್ದದ್ದು ಕಾಕುವಿನ ಗಡಿಗೆಯಲ್ಲಿ. ಸಂಜೆ ಹಸನು ಮಾಡಿ ಹೊಳ್ಳಿ ಕೊಡಬೇಕು ಎಂಬ ಕರಾರಿನ ಮೇಲೆ ಕೊಟ್ಟರು, ಮತ್ತು ಬೇಸರ ಬಂದ ದಿನ ಅದನ್ನೇ ಬೇಯಿಸಿ ನಮಗೆ ಬಡಿಸಿದರು. ಕಂಪ್ಯೂಟರಿನ ಇಂಧನಕ್ಕೆ ಸಾರು ಹಾಕಿಕೊಂಡು ಉಂಡವರು ಜಗತ್ತಿನಲ್ಲಿ ನಾವಷ್ಟೇ ಇರಬೇಕು.

ಹಗ್ಗ ಸುತ್ತುವವಳು ಹಸೀನಾ. ಏಳನೇ ಇಯತ್ತೆ, ಮೊದಲ ಬೆಂಚು. ಅವಳ ಅಪ್ಪ ಒಕ್ಕಲುತನದ ಜೊತೆಗೆ ಎತ್ತಿನ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಿದ್ದ. ಎಷ್ಟು ಸುತ್ತಿಗೆ ಚಕ್ಕಡಿ ನೆಲಕ್ಕೆ ಹಾಸಿದ ಎಷ್ಟು ಫರಸಿಕಲ್ಲು ದಾಟುತ್ತದೆ ಎಂಬುದನ್ನು ಅವಳು ಮೂರು ದಿನದಲ್ಲಿ ಪತ್ತೆ ಹಚ್ಚಿದಳು. ಅಷ್ಟರಲ್ಲಿ ಮಕ್ಕಳದೊಂದು ತಕರಾರು ಬಂತು. ಚಕ್ಕಡಿಗೆ ಎತ್ತು ಬೇಕೇಬೇಕು. ತಾನಾಗಿ ನಡೆಯುವ ಗಾಡಿಗೆ ಎತ್ತು ಯಾಕೆ ಎಂದು ಕಾಕಾ ಕೇಳಿದರೆ, ಎತ್ತಿಲ್ಲದ ಗಾಡಿ ನಡೆದರೆ ಮಂದಿ ದೆವ್ವ ಅಂತಾರ್ರಿ ಎಂದರು. ಮಣ್ಣೆತ್ತಿನ ಅಮಾವಾಸ್ಯೆ ಆಗಷ್ಟೇ ಮುಗಿದಿತ್ತು. ಹಬ್ಬಕ್ಕೆ ಮಾಡಿ ಪೂಜಿಸಿದ ಮಣ್ಣೆತ್ತಿನ ಜೋಡಿಯೊಂದನ್ನು ತಂದು, ಕೆಳಗೆ ಗಾಲಿಯ ಹಲಗೆ ಕಟ್ಟಿ, ನೊಗಕ್ಕೆ ಹೂಡಿದರು. ಒಂದೊಂದೂ ಬೆಲ್ಲದ ಪೆಂಟೆಯಷ್ಟು ಭಾರ. ಲೆಕ್ಕವೆಲ್ಲ ತಪ್ಪಿ ಹೋಯಿತು. ಹಸೀನಾ ಮುಖ ಸಿಂಡರಿಸದೆ ಹಗ್ಗವನ್ನು ಮೊದಲಿನಿಂದ ಸುತ್ತಿದಳು. ಮಂಗಳವಾರದಿಂದ ಶನಿವಾರದವರೆಗೆ ತಾಲೀಮು ನಡೆಯಿತು. ಬಾಗಿಲಿನಿಂದ ಮೇಜಿನವರೆಗೆ ಹೋಗುವುದು, ಸಾಹೇಬರ ಮುಂದೆ ನಿಲ್ಲುವುದು, ಅವರು ಚಕ್ಕಡಿಯಿಂದ ಸ್ವಾಗತದ ಲಿಂಬಿಹಣ್ಣು ಎತ್ತಿಕೊಳ್ಳುವವರೆಗೆ ಕಾಯುವುದು, ಹಿಂದಕ್ಕೆ ಬರುವುದು. ಒಂದು ಸಲವೂ ತಪ್ಪಲಿಲ್ಲ.

ಸಾಹೇಬರು ಬಂದದ್ದು ಸೋಮವಾರ.

ಆ ದಿನ ನಾನು ಅಲ್ಲಿದ್ದೆ. ಕಾಕು "ನೀ ಎಲ್ಲಿದ್ದಿ, ಧಾರವಾಡದಾಗ ಇದ್ದಿ" ಎನ್ನುತ್ತಾರೆ. ಆದರೆ ಆ ಕೋಳಿಗಳನ್ನು ನಾನು ನೋಡಿರದಿದ್ದರೆ ಅವು ಇಷ್ಟು ವರ್ಷ ನನ್ನ ಕಣ್ಣೊಳಗೆ ಮೇಯುತ್ತಿರುವುದು ಹೇಗೆ?

ಸಾಹೇಬರು ಕುರ್ಚಿಯಲ್ಲಿ ಕೂತರು. ಪಕ್ಕಕ್ಕೆ ಹೆಡ್ ಮಾಸ್ತರರು. ಕಾಕಾ ಒಗೆದ ಧೋತರ ಉಟ್ಟು, ಒಂದು ಸಣ್ಣ ಭಾಷಣ ಮಾಡಿ, ಬಾಗಿಲ ಕಡೆ ಕೈ ತೋರಿದರು. ನವಣೆ ಸರ್ರೆಂದು ಸುರಿಯುವ ಸಪ್ಪಳ ಬಂತು. ಚಕ್ಕಡಿ ಬಂತು. ಎತ್ತುಗಳಿರಲಿಲ್ಲ!

ಒಕ್ಕಲುತನದ ಊರಿನಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ, ಎತ್ತಿಗೆ ರಜೆ. ಕಾಕಾ ಗ್ರೀಕರ ಗದ್ದಲದಲ್ಲಿ ಅದನ್ನು ಮರೆತಿದ್ದರು. ಮಕ್ಕಳು ಮರೆತಿರಲಿಲ್ಲ. ಕಾಕಾ ಒಳಗೆ ಭಾಷಣ ಮಾಡುವಾಗ ಅವರು ಹೊರಗೆ ಮಣ್ಣೆತ್ತುಗಳ ಕೊರಳು ಬಿಚ್ಚಿ, ಬೇವಿನ ಗಿಡದ ನೆರಳಲ್ಲಿ ನಿಲ್ಲಿಸಿ, ಮುಂದೆ ಎರಡು ಎಸಳು ಹಸಿ ಹುಲ್ಲನ್ನೂ ಹಾಕಿದ್ದರು. ಎತ್ತು ಬಿಚ್ಚಿದ ಚಕ್ಕಡಿಯ ನೊಗ ನೆಲಕ್ಕೆ ಬೀಳದಂತೆ ಹೊಲದಲ್ಲಿ ಏನು ಮಾಡುತ್ತಾರೋ ಅದನ್ನೇ ಇಲ್ಲಿಯೂ ಮಾಡಿದ್ದರು: ನೊಗದ ಕೆಳಗೆ ಒಂದು ಆಸರೆ ಕೋಲು. ನಿಂತ ಚಕ್ಕಡಿಗೆ ಅದು ಆಸರೆ ನಿಜ. ನಡೆಯುವ ಚಕ್ಕಡಿಗೆ?

ಎತ್ತಿನ ಭಾರ ಇಲ್ಲದ್ದರಿಂದ ಚಕ್ಕಡಿ ಹಗುರಾಗಿ, ಹಬ್ಬಕ್ಕೆ ಹೊರಟಂತೆ ಓಡಿ ಬಂತು. ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಸಾಹೇಬರ ಕಾಲ ಬಳಿ ಎರಡು ಫರಸಿಗಳ ಸಂದಿಗೆ ಆಸರೆ ಕೋಲು ಸಿಕ್ಕಿತು. ಚಕ್ಕಡಿ ಮೂಗು ಕುಕ್ಕಿತು, ಕೊಳವೆ ಬಗ್ಗಿತು, ನವಣೆಯೆಲ್ಲ ಸಾಹೇಬರ ತೊಡೆಯಿಂದ ಬೂಟಿನವರೆಗೆ ಹರಿಯಿತು. ಲಿಂಬಿಹಣ್ಣು ಉರುಳಿ ಎತ್ತಲೋ ಹೋಯಿತು. ಅಂಗಳದ ಕೋಳಿಗಳಿಗೆ ಕಾಳಿನ ಸಪ್ಪಳ ಯಾರು ಹೇಳಿಕೊಡಬೇಕು? ಅವು ಬಾಗಿಲಲ್ಲಿ ಅಪ್ಪಣೆ ಕೇಳದೆ ಒಳನುಗ್ಗಿ ಜಗತ್ತಿನ ಅತಿ ಹಳೆಯ ಕಂಪ್ಯೂಟರ್ ವಿದ್ಯೆಯನ್ನು ತಿನ್ನತೊಡಗಿದವು.

ಕಾಕಾನ ಮುಖದಲ್ಲಿ ಸುಣ್ಣ ಹಚ್ಚಿದ ಆ ಕೋಣೆ, ಆ ಪರದೆ, ಎಲ್ಲ ಕಂಡು ಮಾಯವಾದಂತೆ ನನಗೆ ಅನಿಸಿತು. ಹೆಡ್ ಮಾಸ್ತರರು ಕೋಳಿ ಓಡಿಸಲು ಎದ್ದರು. ಸಾಹೇಬರು ಕೈ ಎತ್ತಿ ತಡೆದು, ಖಾಲಿ ನೊಗವನ್ನೇ ನೋಡುತ್ತ ಕೇಳಿದರು:

"ಎತ್ತು ಎಲ್ಲಿ?"

ಹಸೀನಾ ಬಾಗಿಲಿನಿಂದ ಮುಂದೆ ಬಂದಳು. "ಬಿಚ್ಚೇವ್ರಿ. ಇವತ್ತು ಸೋಮವಾರ ಐತಲ್ರಿ."

"ಮಣ್ಣಿನ ಎತ್ತಿಗೆ ಎಂಥಾ ಸೋಮವಾರ ಬೇ?"

"ಪೂಜಾ ಮಾಡೂ ಮುಂದ ಎತ್ತು, ಸೋಮವಾರ ಬಂದ್ರ ಮಣ್ಣು ಅಂದ್ರ ಹೆಂಗ್ರಿ ಸಾಹೇಬ್ರ?"

ನವಲಗುಂದದ ಕಡೆಯ ಒಕ್ಕಲು ಮನೆತನದವರು ಸಾಹೇಬರು. ನಿಮ್ಮ ಮನೆಯಲ್ಲೂ ಸೋಮವಾರ ಹೂಡುವುದಿಲ್ಲವೇ ಎಂದು ಅವಳನ್ನು ಕೇಳಿದರು. ಎತ್ತು ಯಾರ ಮನೆಯದಾದರೂ ಅದಕ್ಕೆ ಸೋಮವಾರ ಸೋಮವಾರವೇ ಎಂದಳು. ಹಾಗಾದರೆ ನಿಮ್ಮ ಯಂತ್ರ ಹೀಗೆ ಯಾಕೆ ನನ್ನ ಮೇಲೆ ಬಿತ್ತು ಎಂದರು ಸಾಹೇಬರು.

"ಗಾಡಿ ತಪ್ಪು ಮಾಡಿಲ್ರಿ. ಹಗ್ಗ ಸುತ್ತಿದ್ದು ಎತ್ತು ಇದ್ದಾಗಿನ ಲೆಕ್ಕಕ್ಕ. ಎತ್ತು ಬಿಚ್ಚಿದ ಮ್ಯಾಲ ಹಗ್ಗಾನೂ ಬಿಚ್ಚಿ ಬ್ಯಾರೆ ಸುತ್ತಬೇಕಿತ್ತು, ನಾವು ಸುತ್ತಲಿಲ್ಲ. ಅದು ನಾವು ಹೇಳಿದಂಗ ಮಾಡೇತಿ."

ಸಾಹೇಬರು ಒಂದು ಬೂಟು ಬಿಚ್ಚಿ ಕೆಳಗೆ ಮಾಡಿ ನವಣೆ ಸುರುವಿದರು. ಆಮೇಲೆ ಇನ್ನೊಂದು. ಆಮೇಲೆ, ಹಾಗಾದರೆ ಈಗ ಸುತ್ತು ನೋಡೋಣ ಎಂದರು. ಹಸೀನಾ ಅಲ್ಲೇ ನೆಲದ ಮೇಲೆ ಕೂತು, ಆಸರೆ ಕೋಲಿನ ತುದಿಗೆ ಎತ್ತಿನ ಹಲಗೆಯ ಗಾಲಿ ಕಟ್ಟಿ, ಹಗ್ಗ ಬಿಚ್ಚಿ, ಎತ್ತಿಲ್ಲದ ಲೆಕ್ಕಕ್ಕೆ ಸುತ್ತಿದಳು. ಕೋಳಿಗಳ ಬಾಯಿಂದ ಉಳಿದ ನವಣೆಯನ್ನು ಉಳಿದವರು ಬಳಿದು ತುಂಬಿದರು, ಉರುಳಿ ಹೋಗಿದ್ದ ಲಿಂಬಿಹಣ್ಣನ್ನೂ ಹುಡುಕಿ ಮೇಲಿಟ್ಟರು. ಚಕ್ಕಡಿ ಬಂತು, ನಿಂತಿತು. ಸಾಹೇಬರು ಲಿಂಬಿಹಣ್ಣು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು. ಚಕ್ಕಡಿ ಹಿಂದಕ್ಕೆ ಹೋಯಿತು.

ಪಾಠ ಮುಂದುವರಿಯಲಿ ಎಂದು ಸಾಹೇಬರು ಅಂದೇ ಬರೆದುಕೊಟ್ಟರು. ಯಂತ್ರದ ಮಾತು ಬಂದಾಗ ಮಾತ್ರ ಕಾಕಾನ ಹೆಗಲ ಮೇಲೆ ಕೈ ಇಟ್ಟರು. "ಕರೆಂಟಿಲ್ಲದ ಸಾಲಿಗೆ ಮಷೀನ್ ಬರಿಯೂದು ನನ್ನ ಕೈಯಾಗಿಲ್ರಿ ಮಾಸ್ತರ."

"ಹೌದ್ರಿ" ಎಂದರು ಕಾಕಾ. ಅಷ್ಟು ಸಣ್ಣ ವಾಕ್ಯವನ್ನು ಅವರ ಬಾಯಲ್ಲಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಯಂತ್ರ ತಾಲೂಕು ಊರಿನ ದೊಡ್ಡ ಶಾಲೆಗೆ ಹೋಯಿತು. ಆದರೆ ಸಾಹೇಬರು ನಮ್ಮ ಮಕ್ಕಳನ್ನು ಮರೆತಿರಲಿಲ್ಲ. ಸುಗ್ಗಿಯ ಹೊತ್ತಿಗೆ, ಏಳನೇ ಇಯತ್ತೆಯವರು ಬಂದು ನೋಡಿಕೊಂಡು ಹೋಗಲಿ ಎಂದು ಹೇಳಿ ಕಳಿಸಿದರು. ಕಾಕಾ ಆ ದಿನ ಎರಡು ಸಲ ಗಡ್ಡ ಮಾಡಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಕ್ಕಳಿಗೆ ಏನೇನು ನೋಡಬೇಕು, ಏನೇನು ಕೇಳಬೇಕು ಎಂದು ಹೇಳಿದ್ದೇ ಹೇಳಿದ್ದು. ಕಂಡಕ್ಟರನೂ ಟಿಕೀಟು ಹರಿಯುವುದನ್ನು ಬಿಟ್ಟು ಸ್ವಲ್ಪ ಕಲಿತ.

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ಜಮಖಾನೆ, ಹೊಸ ಬಣ್ಣದ ವಾಸನೆ. ಅದನ್ನು ನೋಡಿಕೊಳ್ಳುತ್ತಿದ್ದ ತರುಣ ಮಾಸ್ತರರು ಬಾಗಿಲು ತೆರೆದು ಎಲ್ಲರನ್ನೂ ಕರೆದರು. ಮಕ್ಕಳು ಹೋದರು, ನಾನೂ ಹೋದೆ. ಮೇಜಿನ ಮೇಲೆ ಟಿ.ವಿ.ಯಂಥ ಗಾಜು, ಅದರ ಮೇಲೆ ಹಸಿರು ಅಕ್ಷರ. ತರುಣ ಮಾಸ್ತರರು ಗುಂಡಿ ಒತ್ತಿದರೆ ಒಂದು ಚೌಕ ತಾನೇ ಬರೆದುಕೊಂಡಿತು. ಮಕ್ಕಳೆಲ್ಲ ಬಾಯಿ ತೆರೆದರು. ಹಸೀನಾ ಮಾತ್ರ ಮೇಜಿನ ಕೆಳಗೆ ಬಗ್ಗಿ ನೋಡಿ, "ಇದರ ಹಗ್ಗ ಎಲ್ಲೈತ್ರಿ?" ಎಂದಳು. ಅವರು ನಕ್ಕರು. ಅವಳು ಬಿಡಲಿಲ್ಲ, ಚೌಕ ಬರಿ ಅಂತ ಇದಕ್ಕೆ ಮೊದಲೇ ಎಲ್ಲಿ ಹೇಳಿಟ್ಟಿದ್ದೀರಿ ಎಂದು ಕೇಳಿದಳು. ಅವರ ನಗು ನಿಂತಿತು. ಕುರ್ಚಿ ಎಳೆದು ಅವಳನ್ನು ಕೂರಿಸಿ, ಒಂದರ ಕೆಳಗೊಂದು ಬರೆದಿಟ್ಟ ಸಾಲುಗಳನ್ನು ಗಾಜಿನ ಮೇಲೆ ತಂದು ತೋರಿಸಿದರು. ಇದು ಮುಂದೆ, ಇದು ತಿರುವು, ಇದು ಮತ್ತೆ ಮುಂದೆ. ಮಕ್ಕಳೆಲ್ಲ ಒಮ್ಮೆಲೆ "ಸರ್, ಹಗ್ಗ ಸಿಕ್ತರಿ" ಎಂದು ಬಾಗಿಲ ಕಡೆ ತಿರುಗಿದರು.

ಕಾಕಾ ಒಳಗೆ ಇರಲೇ ಇಲ್ಲ.

ಅವರು ಹೊರಗೆ ಮೆಟ್ಟಿಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಮಕ್ಕಳು ಎಲ್ಲೆಂದರಲ್ಲಿ ಎಸೆದು ಬಂದಿದ್ದ ಚಪ್ಪಲಿಗಳನ್ನು ಜೋಡಿ ಜೋಡಿ ಹೊಂದಿಸಿ ಇಡುತ್ತಿದ್ದರು. ತರುಣ ಮಾಸ್ತರರು ಹೋಗಿ ಬರ್ರಿ ಸರ್ ಎಂದು ಕರೆದರು. ಹುಡುಗರು ನೋಡಲಿ ಎಂದರು ಕಾಕಾ. ಇನ್ನೊಮ್ಮೆ ಕರೆದರು. ಹುಡುಗರು ನೋಡಲಿ. ಕೋಣೆಯ ಬಾಗಿಲು ಪೂರಾ ತೆರೆದಿತ್ತು. ಕತ್ತು ತಿರುವಿದ್ದರೆ ಕೂತಲ್ಲಿಂದಲೇ ಆ ಗಾಜು ಕಾಣುತ್ತಿತ್ತು. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ಅನುಮಾನಿಸುವುದಿಲ್ಲ: ನಾವು ಒಳಗಿದ್ದಷ್ಟು ಹೊತ್ತೂ ಅವರ ಬೆನ್ನು ನಮ್ಮ ಕಡೆ ಇತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಮಕ್ಕಳು ಕಾಕಾನನ್ನು ಮುತ್ತಿಕೊಂಡು, ಒಬ್ಬರ ಮಾತು ಒಬ್ಬರು ಕಸಿದುಕೊಂಡು ಹೇಳುತ್ತಿದ್ದರು. ಕಾಕಾ ಒಂದನ್ನೂ ಬಿಡದೆ ಕೇಳುತ್ತಿದ್ದರು. ಗಾಜು ಎಷ್ಟು ದೊಡ್ಡದು? ಗುಂಡಿ ಒತ್ತಿದರೆ ಸಪ್ಪಳ ಬರುತ್ತಿತ್ತೇ? ಮುಟ್ಟಿದರೆ ಬೆಚ್ಚಗಿತ್ತೇ? ಗದ್ದಲ ಸ್ವಲ್ಪ ತಗ್ಗಿದಾಗ ನಾನು ಅವರ ಬಾಜು ಸರಿದು ಕೂತು ಕೇಳಿದೆ.

"ಕಾಕಾ, ಬಾಗಲಾ ತೆರದ ಇತ್ತು. ಅವರು ಎರಡು ಸಲ ಕರದ್ರು. ನೀವು ಒಳಗ ಯಾಕ ಬರಲಿಲ್ಲ?"

ಆಮೇಲೆಯೂ ಎಷ್ಟೋ ಸಲ ಕೇಳಿದ್ದೇನೆ. ಇವತ್ತಿಗೂ ಉತ್ತರ ಬಂದಿಲ್ಲ. ಅವತ್ತು ಅವರು ಮುಂದಿನ ಸೀಟಿನ ಹಸೀನಾಳ ಕಡೆ ಬಗ್ಗಿ, ಆ ಅಕ್ಷರದ ಹಸಿರು ಎಂಥ ಹಸಿರು, ಎಳೆ ಜೋಳದ್ದೋ ಗಿಳಿಯದ್ದೋ ಎಂದು ಕೇಳಿದರು.